ಏಳನೇ ಕಂಬದ ಬಲೆ

ಮಾರ್ಚ್ ೩, ಮಂಗಳವಾರ

ಇವತ್ತು ಹಡಗಿಗೆ ಹೊಸ ಡೈವರ್ ಬಂದಳು. ನಾನೇ ಹೆತ್ತ ಮಗಳು, ಗುಬ್ಬಿ.

ಇರುವ ಹಡಗುಗಳಲ್ಲಿ ಇದೇ ಬೇಕಿತ್ತೇ ಇವಳಿಗೆ? ಬೆಳಿಗ್ಗೆ ದೋಣಿಯಿಂದ ಏಣಿ ಹತ್ತಿ ಬಂದು, ಕ್ಯಾಪ್ಟನ್ನಿಗೆ ಕೈ ಕುಲುಕಿ, ನನ್ನ ಕಡೆ ತಿರುಗಿ "ನಮಸ್ಕಾರ ಮೇಡಂ" ಅಂದಳು. ಸುತ್ತ ನಿಂತವರೆಲ್ಲ ಕಿಸಕ್ಕೆಂದರು. "ಮೇಡಂ ಅಂತೆ ಮೇಡಂ! ಮನೆಗೆ ಬಾ, ಮಾಡ್ತೀನಿ ನಿನಗೆ" ಅಂದೆ. "ಮನೆಗೆ ಹೋಗೋದು ಇನ್ನೂ ದೂರ ಇದೆಯಮ್ಮ" ಎಂದು ಚೀಲ ಹೊತ್ತು ಒಳಗೆ ನಡೆದಳು.

ಈ ಪುಸ್ತಕ ನಮ್ಮವರು ಕೊಟ್ಟದ್ದು. ಟೈಲರ್ ಅಂಗಡಿ ಇಟ್ಟುಕೊಂಡು ದಿನವಿಡೀ ಬಾಯಲ್ಲಿ ದಾರ ಕಚ್ಚಿಕೊಂಡಿರುವ ಮನುಷ್ಯ. "ಫೋನಲ್ಲಿ ನನಗೆ ಬೈಯೋದನ್ನೆಲ್ಲ ಇದರಲ್ಲಿ ಬರಿ, ನನ್ನ ಕಿವಿಗೂ ಸ್ವಲ್ಪ ರಜೆ ಸಿಗಲಿ" ಅಂದಿದ್ದರು. ಬರೆಯುತ್ತೇನೆ. ಮೊದಲನೇ ಬೈಗುಳ ಅವರಿಗೇ. ಗುಬ್ಬಿ ಈ ಹಡಗಿಗೆ ಬರುವುದು ಅವರಿಗೆ ಮೊದಲೇ ಗೊತ್ತಿತ್ತು, ತುಟಿ ಪಿಟಕ್ಕೆನ್ನಲಿಲ್ಲ.

ಬಂದರಿನ ಆಫೀಸಿನಲ್ಲಿ ಒಂದು ಕೆಲಸ ಖಾಲಿಯಿದೆ. ಯಾವ ಹಡಗು ಬಂತು, ಯಾವುದು ಹೋಯಿತು ಎಂದು ನೋಡಿಕೊಳ್ಳುವ ಕೆಲಸ. ಕುರ್ಚಿ, ಫ್ಯಾನು, ಸಂಜೆಯಾದರೆ ಮನೆ. ಅವರಿವರ ಕೈಕಾಲು ಹಿಡಿದು ಗುಬ್ಬಿಯ ಹೆಸರು ಸೇರಿಸಿದ್ದೇನೆ. ತಿಂಗಳ ಕೊನೆಯೊಳಗೆ ಅವಳು ಹೂಂ ಅನ್ನಬೇಕು, ಅಷ್ಟೇ. ನೆಲದ ಮೇಲೆ ಮಾಡುವ ಕೆಲಸ ಇರುವಾಗ ನೀರೊಳಗೆ ಯಾಕೆ ಇಳಿಯಬೇಕು? ಅಲ್ಲಿ ಏನೇನಿದೆ ಎಂದು ದಿನಾ ಪರದೆಯ ಮೇಲೆ ನೋಡುವವಳು ನಾನು, ಅವಳಪ್ಪನಲ್ಲ.

ಮಾರ್ಚ್ ೪, ಬುಧವಾರ

ಗಾಳಿಯಿಂದ ಕರೆಂಟು ಹುಟ್ಟಿಸುವ ಈ ಗಾಳಿಕಂಬಗಳ ನಡುವೆಯೇ ಓಡಾಡಿ ಎಷ್ಟೋ ವರ್ಷವಾಯಿತು. ಆದರೂ ಬೆಳಿಗ್ಗೆ ಡೆಕ್ಕಿಗೆ ಬಂದ ಕೂಡಲೇ ಕುತ್ತಿಗೆ ತಾನಾಗಿಯೇ ಹಿಂದಕ್ಕೆ ಬಾಗುತ್ತದೆ. ಮೋಡಕ್ಕೆ ತಾಗುವ ಹಾಗಿದೆ ಒಂದೊಂದೂ. ಅಷ್ಟೆತ್ತರದ್ದು ನೆಲಕ್ಕೆ ಕಾಲೂರಿ ನಿಂತಿದೆಯೇ ಎಂದರೆ ಅದೂ ಇಲ್ಲ. ಇಲ್ಲಿ ಸಮುದ್ರ ಅಷ್ಟು ಆಳ. ಮೂರು ಮೂಲೆಯ ಉಕ್ಕಿನ ತೆಪ್ಪದ ಮೇಲೆ ಕಂಬ ತೇಲುತ್ತದೆ. ಅದು ತೇಲಿ ಹೋಗದಂತೆ ತೊಡೆಗಾತ್ರದ ಸರಪಳಿಗಳು ಕೆಳಗೆ ತಳದವರೆಗೂ ಇಳಿದು ಲಂಗರು ಹಿಡಿದಿವೆ. ಕರೆಂಟು ಹೋಗುವ ದಪ್ಪ ಕೇಬಲ್ಲು ನಡುನೀರಿನಲ್ಲಿ ಒಂಟೆಯ ಬೆನ್ನಿನಂತೆ ಗೂನು ಬಾಗಿ ತೂಗಾಡುತ್ತದೆ. ಅಲೆಗೆ ತೆಪ್ಪ ಹೊಯ್ದಾಡಿದಾಗ ಕೇಬಲ್ಲು ಜಗ್ಗಿ ಹರಿಯಬಾರದಲ್ಲ, ಅದಕ್ಕೆ ಆ ಸಡಿಲ.

ನನ್ನ ಕೆಲಸ ಏಡಿಯನ್ನು ನಡೆಸುವುದು. ಏಡಿ ಎಂದರೆ ನೀರೊಳಗಿನ ನಮ್ಮ ಯಂತ್ರ. ಎರಡು ಕೈ, ನಾಲ್ಕು ದೀಪ, ಒಂದು ಕ್ಯಾಮೆರಾ, ಹಿಂದೆ ಫ್ಯಾನುಗಳು. ನಾನು ಡೆಕ್ಕಿನ ಮೇಲಿನ ಕಬ್ಬಿಣದ ಕೋಣೆಯಲ್ಲಿ ಕೂತು ಹಿಡಿಕೆ ತಿರುಗಿಸಿದರೆ ಅದು ಕೆಳಗೆ ತಿರುಗುತ್ತದೆ. ಅಪ್ಪನ ಬಲೆಮನೆಯಲ್ಲಿ ಬಲೆ ಹೆಣೆಯುತ್ತ ಬೆಳೆದವಳು. ಬಲೆಮನೆ ಮುಚ್ಚಿದ ಮೇಲೆ, ತಲೆಗೂದಲು ಬೆಳ್ಳಗಾಗುವ ಹೊತ್ತಿಗೆ ಈ ವಿದ್ಯೆ ಕಲಿತೆ.

ಇವತ್ತು ಏಡಿ ಏಳನೇ ಕಂಬದ ಸರಪಳಿಗುಂಟ ಇಳಿಯಿತು. ದೀಪದ ಬೆಳಕಿಗೆ ಮೊದಲು ಏನೋ ಗೋಡೆ ಅನ್ನಿಸಿತು. ಸಮುದ್ರದ ನಡುವೆ ಗೋಡೆ ಎಲ್ಲಿಂದ ಬರಬೇಕು? ಹತ್ತಿರ ಹೋದೆ. ಬಲೆ! ಒಂದಲ್ಲ, ಬಲೆಯ ಮೇಲೆ ಬಲೆ, ಅದರ ಮೇಲೆ ಹಗ್ಗ, ಹಗ್ಗಕ್ಕೆ ನಿಜವಾದ ಏಡಿ ಹಿಡಿಯುವ ಬುಟ್ಟಿಗಳು. ಎಲ್ಲೆಲ್ಲಿಯ ದೋಣಿಗಳೋ ಬಿಟ್ಟುಹೋದದ್ದು, ಬಿರುಗಾಳಿ ಕಿತ್ತುಕೊಂಡದ್ದು, ಹರಿದಿದೆ ಎಂದು ಎಸೆದದ್ದು, ಎಲ್ಲ ಅಲೆದಾಡಿ ಬಂದು ನಮ್ಮ ಸರಪಳಿಯನ್ನು ತಬ್ಬಿಕೊಂಡಿವೆ. ಒಂದು ಮನೆಯಷ್ಟು ದೊಡ್ಡದು. ಮೈತುಂಬ ಚಿಪ್ಪು, ಪಾಚಿ, ಹೂವಿನಂಥ ಎಂಥೆಂಥವೋ ಜೀವಗಳು. ಒಳಗೆ ಸಿಕ್ಕ ಮೀನು ಕೊಳೆಯುತ್ತಿವೆ, ಅವನ್ನು ತಿನ್ನಲು ಬಂದವೂ ಸಿಕ್ಕಿಕೊಂಡಿವೆ. ಒಡೆಯ ಎಲ್ಲಿದ್ದಾನೋ, ಬಲೆ ಮಾತ್ರ ಇನ್ನೂ ಮೀನು ಹಿಡಿಯುತ್ತಲೇ ಇದೆ.

ನಾನು ಹಿಡಿಕೆ ಬಿಟ್ಟು ಸುಮ್ಮನೆ ನೋಡುತ್ತ ಕೂತುಬಿಟ್ಟೆ. ಅಬ್ಬಾ!

ಮೀಸೆ ಬಂದು ನೋಡಿ ತಲೆ ಚಚ್ಚಿಕೊಂಡ. ಮೀಸೆ ಎಂದರೆ ಡೈವರ್‌ಗಳ ಮೇಲ್ವಿಚಾರಕ. ಮುಖವಾಡದೊಳಗೆ ನೀರು ನುಗ್ಗುತ್ತದೆಂದು ಮೀಸೆ ಬೋಳಿಸಿ ಯಾವುದೋ ಕಾಲವಾಗಿದೆ, ಹೆಸರು ಮಾತ್ರ ಹೋಗಿಲ್ಲ. "ಅಕ್ಕ, ಇದು ಜಾರಿ ಕೇಬಲ್ ಮೇಲೆ ಬಿದ್ರೆ ಮುಗೀತು. ಕೇಬಲ್ ಮುರಿಯುತ್ತೆ. ತಿಂಗಳ ಕೊನೆಗೆ ಗಾಳಿ ತಿರುಗುತ್ತೆ, ಆಗ ಇದು ಹಾಯಿ ಥರ ಎಳೆದ್ರೆ ಸರಪಳೀನೂ ತಡೆಯಲ್ಲ. ಕಂಬ ಕಿತ್ಕೊಂಡು ಪಕ್ಕದ ಕಂಬಕ್ಕೆ ಹೋಗಿ ಗುದ್ದುತ್ತೆ" ಅಂದ. ಅಷ್ಟರೊಳಗೆ ಬಿಡಿಸಬೇಕು.

ಮಾರ್ಚ್ ೬, ಶುಕ್ರವಾರ

ನನ್ನ ಕೈ ಮುರಿಯ!

ಏಡಿಯ ಕೈಗೆ ಕತ್ತರಿ ಕೊಟ್ಟು ಬಲೆ ಬಿಡಿಸಲು ಶುರು ಮಾಡಿದೆ. ಎಲ್ಲರೂ ಹಿಂದೆ ನಿಂತು ನೋಡುತ್ತಿದ್ದರು. ಬಲೆ ಎಂದರೆ ನನಗೆ ನೀರು ಕುಡಿದಷ್ಟು ಸುಲಭ ಎಂದು ಜಂಬ ಬೇರೆ ಕೊಚ್ಚಿಕೊಂಡಿದ್ದೆ. ಅಪ್ಪನ ಬಲೆಮನೆಯಲ್ಲಿ ಯಾವ ಬಲೆಗೆ ಕೈ ಹಾಕಿದರೂ ಮೊದಲು ಹಿಡಿಯುತ್ತಿದ್ದುದು ಮೇಲಿನ ಹಗ್ಗ, ತೇಲುವ ಗುಂಡುಗಳನ್ನು ಪೋಣಿಸಿದ ಹಗ್ಗ. ತೊಲೆಗೆ ನೇತು ಹಾಕಿದ ಬಲೆಗೆ ಅದೇ ಸರಿ. ಕೈ ತಾನಾಗಿಯೇ ಅಲ್ಲಿಗೆ ಹೋಯಿತು. ಕತ್ತರಿಸಿದೆ.

ನೀರಿನಲ್ಲಿ ಆ ಗುಂಡುಗಳೇ ಇಡೀ ರಾಶಿಯನ್ನು ಎತ್ತಿ ಹಿಡಿದಿದ್ದವು. ಅವು ಪುಸಕ್ಕನೆ ಮೇಲಕ್ಕೆ ಹೋದವು, ಉಳಿದದ್ದೆಲ್ಲ ಕುಸಿಯಿತು. ಕೆಳಗಿನ ಹಗ್ಗಕ್ಕೆ ಕಟ್ಟಿದ ಸೀಸದ ಭಾರಕ್ಕೆ ಜಾರಿ ಜಾರಿ ಹೋಗಿ ನೇರ ಕೇಬಲ್ಲಿನ ಗೂನಿನ ಮೇಲೆ ಕೂತಿತು. ನನ್ನ ಕಣ್ಣೆದುರೇ ಆ ಗೂನು ಕೆಳಗೆ ಬಾಗಿತು.

ಬಲೆಮನೆಯಲ್ಲಿ ಬೆಳೆಯದ ಯಾರಾದರೂ ಆಗಿದ್ದರೆ ಕೆಳಗಿನ ಸೀಸದ ಹಗ್ಗವನ್ನೇ ಮೊದಲು ಕತ್ತರಿಸುತ್ತಿದ್ದರು. ಬಲೆ ತಾನಾಗಿ ಮೇಲೆ ತೇಲಿ ಬರುತ್ತಿತ್ತು. ಗುಬ್ಬಿ ಬಾಗಿಲ ಬಳಿಯೇ ಇದ್ದಳು.  ಒಂದು ಮಾತು ಬೈದಿದ್ದರೇ ಚೆನ್ನಾಗಿತ್ತು.

ಮಾರ್ಚ್ ೭, ಶನಿವಾರ

ಬರೆಯಲು ಮನಸ್ಸಿಲ್ಲ. ಊಟ ಸೇರಲಿಲ್ಲ.

ಮಾರ್ಚ್ ೯, ಸೋಮವಾರ

ಊಟದ ಕೋಣೆಯಲ್ಲಿ ಸಭೆ. ಏಡಿ ಇನ್ನು ಹತ್ತಿರ ಹೋಗುವಂತಿಲ್ಲ. ಫ್ಯಾನುಗಳು ಬಲೆಯನ್ನು ಎಳೆದುಕೊಂಡರೆ ಏಡಿಯೂ ಅದಕ್ಕೇ ಬಲಿ. ಮನುಷ್ಯರೇ ಇಳಿದು ಕೈಯಿಂದ ಬಿಡಿಸಬೇಕು. ಏಡಿ ದೂರ ನಿಂತು ಬೆಳಕು ತೋರಿಸಬೇಕು, ಡೈವರ್‌ಗೆ ಕಾಣದ್ದನ್ನು ನೋಡಿ ಹೇಳಬೇಕು.

ಡೈವರ್‌ಗಳು ಮೂವರು. ಒಬ್ಬನಿಗೆ ಕಿವಿ ಸೋರುತ್ತಿದೆ, ಇಳಿಯುವ ಹಾಗಿಲ್ಲ. ಇನ್ನೊಬ್ಬ ಬೀರುವಿನಂಥ ಆಳು, ಬಲೆಯ ಸಂದಿಯಲ್ಲಿ ನುಸುಳಲಾರ. ಏನಾದರೂ ಎಡವಟ್ಟಾದರೆ ಇಳಿಯಲೆಂದು ಅವನು ಮೇಲೆ ಸಿದ್ಧನಾಗಿ ನಿಲ್ಲಬೇಕು. ಉಳಿದವಳು ಯಾರು?

"ನಾನು ಇಳೀತೀನಿ" ಅಂದಳು, ಅಂಗಡಿಗೆ ಹೋಗಿ ಬರ್ತೀನಿ ಅನ್ನುವ ಹಾಗೆ.

ಸಭೆ ಮುಗಿದ ಮೇಲೆ ಮೀಸೆಯನ್ನು ಅಡ್ಡ ಹಾಕಿದೆ. "ರೀ, ದಡದಿಂದ ಬೇರೆ ಯಾರನ್ನಾದ್ರೂ ಕರೆಸಿ. ಅವಳಿನ್ನೂ ಚಿಕ್ಕೋಳು."

"ಅಕ್ಕ, ಅವಳ ವಯಸ್ಸಿಗೆ ನೀವು ಅವಳನ್ನ ಸೊಂಟದ ಮೇಲೆ ಕೂರಿಸ್ಕೊಂಡು ಬಲೆ ಹೆಣೀತಿದ್ರಂತಲ್ಲ" ಅಂದ ಮೀಸೆ. ಈ ವಿಷಯವನ್ನೆಲ್ಲ ಇವನಿಗೆ ಹೇಳಿದವರು ಯಾರು? ಅವಳೇ ಇರಬೇಕು. ಬಾಯಿಬಡುಕಿ.

ಮಾರ್ಚ್ ೧೧, ಬುಧವಾರ

ಸಮುದ್ರ ಶಾಂತವಾಗಿತ್ತು. ಏಳನೇ ಕಂಬದ ತುದಿಯಲ್ಲಿ ಗಾಳಿಗೆ ತಿರುಗುವ ಮೂರೂ ಅಲಗುಗಳನ್ನು ನಿಲ್ಲಿಸಿ ಕರೆಂಟು ತೆಗೆದರು. ಗುಬ್ಬಿ ಇಳಿದಳು. ನಾನು ಏಡಿಯನ್ನು ಅವಳ ಹಿಂದೆ ಒಯ್ದೆ. ಪರದೆಯ ಮೇಲೆ ಅವಳ ಹಳದಿ ಟೊಪ್ಪಿಗೆ, ಅದರ ಹಿಂದೆ ಮೇಲಿನವರೆಗೂ ಹೋಗುವ ಗಾಳಿಯ ಕೊಳವೆ, ಎದುರಿಗೆ ಆ ರಾಶಿ. ಅದರ ಮುಂದೆ ಅವಳು ಅಂಗೈಯಷ್ಟು ಕಾಣಿಸಿದಳು.

ಬಲೆ ಉಸಿರಾಡುವಂತೆ ಮೆಲ್ಲಗೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಅವಳು ಅದರ ಬಾಯಿಯಂಥ ಸಂದಿಗೆ ಕೈ ಹಾಕಿದಳು.

ಏಡಿಯನ್ನು ಸ್ವಲ್ಪ ಬದಿಗೆ ತಿರುಗಿಸಬೇಕಾಯಿತು. ಬಲೆಯ ಮೈಮೇಲಿದ್ದ ಕೆಸರೆಲ್ಲ ಎದ್ದು ನೀರು ಕದಡಿತು. ಏನೂ ಕಾಣುತ್ತಿಲ್ಲ ಎಂದು ಮೀಸೆಗೆ ಹೇಳಿದೆ. ಕಾಣುತ್ತಿರಲಿಲ್ಲ, ಅದಂತೂ ನಿಜ. ಅವನು ಅವಳನ್ನು ಮೇಲಕ್ಕೆ ಕರೆಸಿಕೊಂಡ. ಆ ಕೆಸರು ಇಳಿಯುವಷ್ಟರಲ್ಲಿ ಅಲೆ ಎದ್ದಿತು, ಕೆಲಸ ನಿಂತಿತು.

ಈಗ ಮೂರ್ನಾಲ್ಕು ದಿನ ಅಲೆ ಇದೆಯಂತೆ. ಇರಲಿ. ನಾನು ಎರಡು ತಟ್ಟೆ ಊಟ ಮಾಡಿದೆ.

ಮಾರ್ಚ್ ೧೨, ಗುರುವಾರ

ಒದ್ದೆ ಬಟ್ಟೆ ಒಣಗಿಸುವ ಕೋಣೆಯಲ್ಲಿ ಸಿಕ್ಕಿಬಿದ್ದೆ. ಆ ಕೋಣೆ ಹೇಗಿದೆಯೆಂದರೆ ಇಬ್ಬರು ನಿಂತರೆ ಮೂರನೆಯವರಿಗೆ ಉಸಿರಿಲ್ಲ. ಮೊಳೆಗಳಿಗೆ ತೂಗುಹಾಕಿದ ಡೈವಿಂಗ್ ಸೂಟುಗಳ ನಡುವಿನಿಂದ ಗುಬ್ಬಿಯ ತಲೆ ಹೊರಬಂತು. ಕೈಯಲ್ಲಿ ತನ್ನ ಕೈಗವಸು ಹಿಂಡುತ್ತಿದ್ದಳು.

"ಅಮ್ಮ, ನೀರು ಕದಡಿದ್ದು ನೀನು."

"ಅಲೆ ಇತ್ತು ಕಣೇ."

"ಅಲೆ ಇರಲಿಲ್ಲ. ನೀರು ಗಾಜಿನ ಥರ ಇತ್ತು. ಏಡಿ ಹಿಂದೆ ತಿರುಗಿ ಫ್ಯಾನನ್ನ ಬಲೆ ಕಡೆ ಮಾಡಿ ಜೋರಾಗಿ ಬಿಡ್ತು. ನಾನು ಅಲ್ಲೇ ಇದ್ದೆನಮ್ಮ. ನೋಡಿದೆ."

ಅಲೆಯ ನೆಪ ನಡೆಯಲಿಲ್ಲ. 

"ಹೌದು, ಮಾಡಿದೆ. ಏನೀಗ? ನೀನು ಆ ಸಂದಿಗೆ ಕೈ ಹಾಕ್ದಾಗ ನನ್ನ ಜೀವ ಬಾಯಿಗೆ ಬಂತು. ಹೆತ್ತೋಳು ನಾನು."

"ಮನೇಲಿ ಹೆತ್ತೋಳಾಗಿರು, ಬೈ, ಹೊಡಿ, ಏನು ಬೇಕಾದ್ರೂ ಮಾಡು. ಆದ್ರೆ ಕೆಳಗಡೆ ನನಗೆ ಹಿಂದೆ ಏನಿದೆ ಅಂತ ಕಾಣಲ್ಲ. ಬರೀ ಮುಂದೆ ಒಂದು ಕಿಟಕಿ. ನೀನು ಹೇಳಿದ್ದನ್ನ ನಂಬಿ ಕೈ ಹಾಕ್ತೀನಿ, ಕಾಲು ಇಡ್ತೀನಿ. ನನ್ನ ಕಣ್ಣೇ ಸುಳ್ಳು ಹೇಳಿದ್ರೆ ನಾನೇನು ಮಾಡ್ಲಿ?"

ಅವಳು ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಬಹುದಿತ್ತು. ಕೈಗವಸನ್ನು ಮೊಳೆಗೆ ಸಿಕ್ಕಿಸಿ ಹೋದಳು. ನಾನು ಆ ಒದ್ದೆ ಸೂಟುಗಳ ನಡುವೆ ಎಷ್ಟೋ ಹೊತ್ತು ನಿಂತಿದ್ದೆ. ಅವಳ ಸೂಟಿನ ಮೊಣಕಾಲಿನ ಹತ್ತಿರ ಹರಿದ ಕಡೆ ಅವಳೇ ತೇಪೆ ಹಾಕಿದ್ದಾಳೆ. ತೇಪೆ ಚೆನ್ನಾಗಿದೆ. ಇದನ್ನು ಯಾವಾಗ ಕಲಿತಳೋ.

ಮಾರ್ಚ್ ೧೪, ಶನಿವಾರ

ಇವತ್ತು ನೋಡಿದ್ದನ್ನು ಹೇಗೆ ಬರೆಯಲಿ?

ಬಲೆ ಇನ್ನಷ್ಟು ಜಾರಿದೆಯೇ ಎಂದು ನೋಡಲು ಏಡಿಯನ್ನು ಇಳಿಸಿ ದೂರದಲ್ಲೇ ನಿಲ್ಲಿಸಿದ್ದೆ. ಇದ್ದಕ್ಕಿದ್ದಂತೆ ಸರಪಳಿಯ ಸುತ್ತ ಇದ್ದ ಸಣ್ಣ ಮೀನುಗಳ ಹಿಂಡು ಮಾಯವಾಯಿತು. ಎಡಗಡೆಯಿಂದ ಕತ್ತಲೆ ಬಂತು. ದೀಪ ಕೆಟ್ಟಿತೇನೋ ಎಂದುಕೊಂಡೆ. ಆಮೇಲೆ ಆ ಕತ್ತಲೆಯ ಮೈಯಲ್ಲಿ ಗೀರುಗಳು ಕಂಡವು, ಹಳೆಯ ಗಾಯದ ಗುರುತುಗಳು ಕಂಡವು, ಕೊನೆಗೆ ಒಂದು ಕಣ್ಣು. ತಿಮಿಂಗಿಲ!

ಮೀಸೆ, ಕ್ಯಾಪ್ಟನ್, ಗುಬ್ಬಿ ಎಲ್ಲರೂ ಕೋಣೆಗೆ ಓಡಿ ಬಂದರು.  ಅದು ಹೋಗುತ್ತಲೇ ಇತ್ತು, ಮುಗಿಯುತ್ತಲೇ ಇರಲಿಲ್ಲ. ಸರಪಳಿಗೂ ಬಲೆಗೂ ನಡುವಿನ ಜಾಗದಲ್ಲಿ, ನಮ್ಮ ಓಣಿಯಲ್ಲಿ ಲಾರಿ ತಿರುಗಿಸುವವನ ಹಾಗೆ, ಅಷ್ಟು ಹುಷಾರಾಗಿ ಮೈ ಓರೆ ಮಾಡಿತು. ನೀರಿನಲ್ಲಿ ತೇಲಾಡುವ ಒಂದು ತುಂಡು ಹಗ್ಗ ಅದರ ಬಾಲದ ಹತ್ತಿರಕ್ಕೆ ಬಂತು. ಬಾಲ ಒಮ್ಮೆ ಆ ಹಗ್ಗದೊಳಗೆ ಹೊಕ್ಕರೆ ಸಾಕು, ಅದು ಒದ್ದಾಡಿದಷ್ಟೂ ಬಿಗಿಯುತ್ತದೆ. ಅದೂ ಸಾಯುತ್ತದೆ, ಕೇಬಲ್ಲೂ ಹೋಗುತ್ತದೆ. "ಬೇಡ ಬೇಡ ಬೇಡ" ಅಂತ ಯಾರೋ ಅನ್ನುತ್ತಿದ್ದರು. ನಾನೇ ಅಂತೆ, ಆಮೇಲೆ ಗೊತ್ತಾಯಿತು.

ಹಗ್ಗ ಬಾಲವನ್ನು ಸವರಿಕೊಂಡು ಹೋಯಿತು. ತಿಮಿಂಗಿಲ ಆಚೆಗೆ ದಾಟಿತು.

ಅಷ್ಟು ದೊಡ್ಡ ಜೀವ. ಅದು ಹೆದರಬೇಕಾದದ್ದು ಅಪ್ಪನಂಥವರು ಹೆಣೆದ ನೂಲಿಗೆ.  ಗುಬ್ಬಿ ನನ್ನ ಹಿಂದೆ ನಿಂತಿದ್ದಳು. ಮೊನ್ನೆಯಿಂದ ಮಾತಿಲ್ಲ, ಇವತ್ತೂ ಇಲ್ಲ. ಆದರೆ ಅವಳ ಕೈ ನನ್ನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿತ್ತು. ಕುರ್ಚಿ ಅಲ್ಲಾಡಿದ್ದರಿಂದ ಗೊತ್ತಾಯಿತು.

ಮಾರ್ಚ್ ೧೫, ಭಾನುವಾರ

ಮೀಸೆಗೆ ಹೇಳಿಬಿಟ್ಟೆ. ಬುಧವಾರ ನೀರು ಕದಡಿದ್ದು ನಾನು, ಬೇಕೆಂದೇ ಕದಡಿದೆ ಎಂದು. ಎಂಜಿನ್ ಕೋಣೆಯ ಪಕ್ಕದ ಗದ್ದಲದಲ್ಲಿ ಹೇಳಿದೆ, ಅರ್ಧ ಕೇಳಿಸದಿರಲಿ ಎಂಬ ಆಸೆಯಿಂದ. ಎಲ್ಲ ಕೇಳಿಸಿತು ಅವನಿಗೆ.

ಮುಖ ಕೆಂಪಗಾಯಿತು. "ಒಂದು ಒಳ್ಳೇ ದಿನ ಕಳೆದ್ರಿ ಅಕ್ಕ. ಇನ್ನೊಂದು ದಿನ ಸಿಗುತ್ತೋ ಇಲ್ವೋ. ಸಿಕ್ಕಿದ್ರೆ ಏಡಿ ಹತ್ರ ಬೇರೆಯವರನ್ನ ಕೂರಿಸ್ತೀನಿ" ಅಂದ. ನಾನು ಹೂಂ ಅಂದೆ. ನ್ಯಾಯವೇ. ರಜೆಯಲ್ಲಿರುವ ಇನ್ನೊಬ್ಬ ಚಾಲಕನನ್ನು ದಡದಿಂದ ಕರೆಸುತ್ತಾರಂತೆ. ಒಳ್ಳೆಯ ಹುಡುಗ. ಬಲೆಯನ್ನು ಜನ್ಮದಲ್ಲಿ ಮುಟ್ಟಿದವನಲ್ಲ.

ನಮ್ಮವರಿಗೆ ಫೋನು ಮಾಡಿ ಅತ್ತೆ. ಬಾಯಿಂದ ದಾರ ತೆಗೆದು ಕೇಳಿಸಿಕೊಂಡರು.

ಮಾರ್ಚ್ ೧೭, ಮಂಗಳವಾರ

ನಾಳೆ ಒಂದೇ ಒಂದು ದಿನ ಸಮುದ್ರ ಶಾಂತವಾಗಿರುತ್ತದಂತೆ. ಆಮೇಲೆ ಗಾಳಿ ತಿರುಗುತ್ತದೆ, ಈ ವರ್ಷ ತಿಂಗಳ ಕೊನೆಯವರೆಗೂ ಕಾಯುವುದಿಲ್ಲವಂತೆ. ಕೇಬಲ್ಲಿನ ಗೂನು ಈಗ ಅಂಗಾತ ಬಿದ್ದ ಹಾಗಾಗಿದೆ.

ಮಧ್ಯಾಹ್ನ ಗುಬ್ಬಿ ಮೀಸೆಯ ಹತ್ತಿರ ಜಗಳಕ್ಕೆ ನಿಂತಿದ್ದಳು. ಡೆಕ್ಕಿನ ಮೇಲೆ ಕೊಳವೆ ಸುತ್ತುತ್ತಿದ್ದ ನನಗೆ ಎಲ್ಲ ಕೇಳಿಸಿತು.

"ಏಡಿ ಹತ್ರ ಅಮ್ಮನೇ ಇರಲಿ."

"ಅವತ್ತು ನಿನಗೆ ಏನು ಮಾಡಿದ್ರು ಗೊತ್ತು ತಾನೆ?"

"ಗೊತ್ತು. ಬಲೆ ಯಾವ ಕಡೆ ಎಳೆದ್ರೆ ಯಾವ ಕಡೆ ಬಿಚ್ಚುತ್ತೆ ಅಂತ ನೋಡಿದ ಕೂಡ್ಲೆ ಅಮ್ಮನಿಗೆ ಗೊತ್ತಾಗುತ್ತೆ. ನಂಗೆ ಅಮ್ಮನೇ ಬೇಕು. ಅಮ್ಮ ಇಲ್ದಿದ್ರೆ ನಾನು ಇಳಿಯಲ್ಲ."

ಚಿಕ್ಕವಳಿದ್ದಾಗ ಸ್ಕೂಲಿನ ಗೇಟಿನ ಹತ್ತಿರ ಹೀಗೇ ಕಾಲು ನೆಲಕ್ಕೆ ಕುಟ್ಟುತ್ತಿದ್ದಳು. ಕೊಳವೆಯನ್ನು ತಪ್ಪಾಗಿ ಸುತ್ತಿ ಮತ್ತೆ ಬಿಚ್ಚಬೇಕಾಯಿತು.

ಮಾರ್ಚ್ ೧೮, ಬುಧವಾರ

ನಿದ್ದೆ ಎಳೆಯುತ್ತಿದೆ. ಆದರೂ ಇವತ್ತಿನದನ್ನು ಇವತ್ತೇ ಬರೆಯಬೇಕು.

ಬೆಳಗಾಗುತ್ತಲೇ ಅಲಗುಗಳು ನಿಂತವು. ಮೀಸೆ ಏಡಿಯ ಹಿಡಿಕೆಯನ್ನು ನನಗೇ ಕೊಟ್ಟ. ಗುಬ್ಬಿ ಟೊಪ್ಪಿಗೆ ಹಾಕಿಕೊಳ್ಳುವ ಮುಂಚೆ ನನ್ನ ಕೋಣೆಯ ಬಾಗಿಲಿಗೆ ಬಂದು, "ಅಮ್ಮ, ಇದ್ದದ್ದು ಇದ್ದ ಹಾಗೆ ಹೇಳು" ಅಂದಳು. "ಹೇಳ್ತೀನಿ ಹೋಗು" ಅಂದೆ.

ಏಡಿಯನ್ನು ದೂರ ನಿಲ್ಲಿಸಿ ನಾಲ್ಕೂ ದೀಪ ಹಚ್ಚಿದೆ. ತೇಲಿಸುವ ಗುಂಡುಗಳು ನನ್ನಿಂದಲೇ ಹೋಗಿದ್ದವಲ್ಲ, ಅವುಗಳ ಬದಲು ಗಾಳಿ ತುಂಬುವ ಚೀಲಗಳನ್ನು ಗುಬ್ಬಿ ಬಲೆಗೆ ಕಟ್ಟುತ್ತ ಹೋಗಬೇಕು. ಆಮೇಲೆ ಕೇಬಲ್ಲಿಗೆ ಸುತ್ತಿಕೊಂಡದ್ದನ್ನು ಕತ್ತರಿಸಬೇಕು. ಮೀಸೆ ಪಕ್ಕದಲ್ಲಿ ಕೂತು ಅವಳ ಗಾಳಿ ನೋಡುತ್ತಿದ್ದ. ಸ್ಪೀಕರಿನಲ್ಲಿ ಅವಳ ಉಸಿರು ಮಾತ್ರ ಕೇಳುತ್ತಿತ್ತು.

"ಎಡಗಡೆ ಹಸಿರು ಬಲೆ ಇದೆಯಲ್ಲ, ಅದನ್ನ ಮುಟ್ಬೇಡ. ಅದು ಒಳಗಡೆಯಿಂದ ಬಂದಿದೆ. ಮೊದಲು ನೀಲಿ ಹಗ್ಗ."

"ನೀಲಿ. ಸಿಕ್ತು."

"ಈಗ ಸೀಸದ ಹಗ್ಗ. ಕೆಳಗಿನಿಂದ."

"ಈ ಸಲ ಕೆಳಗಿನಿಂದ ಅಂತೀಯಾ?" ನೀರಿನಡಿಯಿಂದಲೂ ನನ್ನ ಕಾಲೆಳೆಯುತ್ತಾಳೆ. ಮೀಸೆ ನಕ್ಕುಬಿಟ್ಟ.

ಅವಳ ಕೈ ನೋಡುತ್ತಿದ್ದೆ. ದಪ್ಪ ಕೈಗವಸು, ಕಣ್ಣಿಗೆ ಕಾಣದ ಜಾಗ. ಆ ಬೆರಳು ಗಂಟನ್ನು ಹುಡುಕುತ್ತಿರಲಿಲ್ಲ, ಗಂಟೇ ಬೆರಳಿಗೆ ಬಂದು ಸಿಗುತ್ತಿತ್ತು. ಕತ್ತರಿ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಅವಳಿಗೆ ನಾನು ಹೇಳುವ ಮೊದಲೇ ಗೊತ್ತಾಗುತ್ತಿತ್ತು. ನಡುನಡುವೆ ಬಲೆಗೆ, "ಬಿಡು ಮಾರಾಯ್ತಿ, ಬಿಡು, ಸಾಕು ನಿನ್ನ ಹಟ" ಅನ್ನುತ್ತಿದ್ದಳು. ಅಪ್ಪನೂ ಸಿಕ್ಕುಬಿದ್ದ ಬಲೆಯ ಜೊತೆ ಮಾತಾಡುತ್ತಿದ್ದ. ಆದರೆ ಅಪ್ಪನಿಗೆ ಈ ಕೆಲಸ ಆಗುತ್ತಿರಲಿಲ್ಲ. ನನಗಂತೂ ಕನಸಿನಲ್ಲೂ ಆಗದು. ಸೂರ್ಯನ ಬೆಳಕು ನೀಲಿ ಹೊಗೆಯಂತಾಗಿ ಮುಗಿಯುವ ಜಾಗದಲ್ಲಿ, ಒಂದು ಮನೆಯಷ್ಟು ಬಲೆಯ ಕೆಳಗೆ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಗೊಣಗುತ್ತ ಗಂಟು ಬಿಚ್ಚುತ್ತಿದ್ದಾಳೆ! ನಾನು ಬಾಯಿ ತೆರೆದು ನೋಡುತ್ತಿದ್ದೆನಂತೆ. ಮೀಸೆ ಹೇಳಿದ.

ಆಗ ಎಲ್ಲಿಂದಲೋ ಒಂದು ದೊಡ್ಡ ಅಲೆ ಬಂತು. ಇಡೀ ರಾಶಿ ತೂಗಿತು. ಕೆಸರು ಸ್ವಲ್ಪ ಎದ್ದಿತು. ಅದು ಇಳಿದಾಗ ನೋಡುತ್ತೇನೆ, ಅವಳ ಬೆನ್ನ ಹಿಂದೆ ಗಾಳಿಯ ಕೊಳವೆಯ ಮೇಲೆ ಒಂದು ಹಗ್ಗದ ಕುಣಿಕೆ ಬಿದ್ದಿದೆ.

"ಗುಬ್ಬಿ, ಅಲ್ಲಾಡ್ಬೇಡ."

"ಇಲ್ಲ."

ಮೀಸೆಗೆ ಅವನ ಸಣ್ಣ ಪರದೆಯಲ್ಲಿ ಅರೆಬರೆ ಕಂಡಿತು.  "ಅಕ್ಕ, ಕೆಲಸ ಅಲ್ಲಿಗೇ ಬಿಡಿಸಿ ಕರೆಸ್ಲಾ? ನೀವು ಹೇಳಿದ ಹಾಗೆ. ನೀವು ಹೂಂ ಅಂದ್ರೆ ಕರೆಸಿಬಿಡ್ತೀನಿ."

ಹೂಂ ಅನ್ನಬಹುದಿತ್ತು. ಈ ಸಲ ಸುಳ್ಳೂ ಹೇಳಬೇಕಿರಲಿಲ್ಲ. ಹಗ್ಗ ಇತ್ತಲ್ಲ, ನಿಜವಾಗಿಯೂ ಇತ್ತು. ಯಾರೂ ನನ್ನನ್ನು ಏನೂ ಅನ್ನುತ್ತಿರಲಿಲ್ಲ. ನಾನು ಏಡಿಯನ್ನು ಗೇಣು ಗೇಣಾಗಿ ಬದಿಗೆ ಸರಿಸಿ ದೀಪ ಹಾಕಿ ಆ ಕುಣಿಕೆಯನ್ನೇ ನೋಡಿದೆ. ಹಗ್ಗ ಸಡಿಲವಾಗಿತ್ತು. ಒಂದು ತುದಿ ಬಲೆಗೆ ಅಂಟಿತ್ತು, ಇನ್ನೊಂದು ತುದಿಗೆ ಏನೂ ಇರಲಿಲ್ಲ. ಕೊಳವೆ ಅದರೊಳಗೆ ಆರಾಮಾಗಿ ಓಡಾಡುತ್ತಿತ್ತು.

"ಬೇಡ" ಅಂದೆ. "ಒಂದೇ ಹಗ್ಗ. ಸಡಿಲ ಇದೆ. ಬಿಡಿಸ್ಕೊಳ್ತಾಳೆ."

ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

"ಗುಬ್ಬಿ, ನಿನ್ನ ಕೊಳವೆ ಮೇಲೆ ಕುಣಿಕೆ ಇದೆ. ಬಲಗೈ ಭುಜದ ಮೇಲಿಂದ ಹಿಂದಕ್ಕೆ ತಗೊಂಡ್ಹೋಗು. ಇನ್ನೂ ಕೆಳಗೆ. ಇನ್ನೊಂಚೂರು. ಅದೇ. ಅದು ಕೊಳವೆ, ಅದಲ್ಲ. ಅದರ ಪಕ್ಕದ್ದು, ಸಣ್ಣದು, ಒರಟಾಗಿರುತ್ತೆ."

"ಒರಟು... ಹಿಡ್ಕೊಂಡೆ. ಕತ್ತರಿಸ್ಲಾ?"

"ಇದೇನಾ ಅಂತ ಒಂದ್ಸಲ ಎಳಿ." ಎಳೆದಳು. ಕುಣಿಕೆ ಅಲ್ಲಾಡಿತು, ಕೊಳವೆ ಅಲ್ಲಾಡಲಿಲ್ಲ. "ಕತ್ತರಿಸು."

ಹಗ್ಗ ಹಾವಿನ ಹಾಗೆ ಸುರುಳಿಯಾಗಿ ಕೆಳಗೆ ಹೋಯಿತು. ಸ್ಪೀಕರಿನಲ್ಲಿ ಉಸಿರು ಒಂದು ಕ್ಷಣ ನಿಂತು ಮತ್ತೆ ಬಂತು. "ಥ್ಯಾಂಕ್ಸ್ ಮೇಡಂ" ಅಂದಳು, ಕತ್ತೆ.

ಆಮೇಲೆ ನೋಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಕೊನೆಯ ಸುತ್ತು ಬಿಟ್ಟಿತು. ಗುಬ್ಬಿ ದೂರ ಈಜಿ ಬಂದಳು. ಚೀಲಗಳಿಗೆ ಗಾಳಿ ತುಂಬಿತು. ರಾಶಿ ಮೊದಲು ಅಲುಗಲೇ ಇಲ್ಲ. ಆಮೇಲೆ ನಮ್ಮವರು ಅಂಗಡಿಯಲ್ಲಿ ಪರದೆಯ ಬಟ್ಟೆಯನ್ನು ಒಮ್ಮೆ ಕೊಡವಿ ಹರಡುತ್ತಾರಲ್ಲ, ಹಾಗೆ ಅದು ನಿಧಾನವಾಗಿ ಬಿಚ್ಚಿಕೊಂಡು ಏಳತೊಡಗಿತು. ಪಾಚಿ ಉದುರಿತು. ಒಳಗೆ ಜೀವ ಹಿಡಿದುಕೊಂಡಿದ್ದ ಮೀನುಗಳು ಬೆಳ್ಳಿಯ ಚೂರುಗಳಂತೆ ನಾಲ್ಕೂ ಕಡೆಗೆ ಚೆಲ್ಲಿಹೋದವು. ಕೆಳಗೆ, ಅಂಗಾತ ಬಿದ್ದಿದ್ದ ಕೇಬಲ್ಲು ಮೆಲ್ಲಗೆ ಬೆನ್ನೆತ್ತಿ ತನ್ನ ಗೂನನ್ನು ತಾನೇ ಹುಡುಕಿಕೊಂಡಿತು. ಅದರ ಪಕ್ಕದಲ್ಲಿ ಒಂದು ಸಣ್ಣ ಹಳದಿ ಟೊಪ್ಪಿಗೆ, ತಲೆ ಎತ್ತಿ ನೋಡುತ್ತಿತ್ತು.

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ಏಡಿಯನ್ನು ಅವಳ ಹಿಂದೆಯೇ ಮೇಲಕ್ಕೆ ತಂದೆ. ಅವಳು ಮೇಲೆ ಬಂದು ಟೊಪ್ಪಿಗೆ ತೆಗೆದಾಗ ಹಣೆಯ ಮೇಲೆ ಕೆಂಪು ಗೆರೆ. "ಹಸಿವು" ಅಂದಳು ಮೊದಲನೇ ಮಾತು.

ಮಾರ್ಚ್ ೧೯, ಗುರುವಾರ

ಬಲೆಯನ್ನು ಕ್ರೇನಿನಿಂದ ಡೆಕ್ಕಿಗೆ ಎತ್ತಿದರು. ಡೆಕ್ಕಿನ ಅರ್ಧ ಅದೇ ಆಯಿತು. ನಾರುತ್ತದೆ, ದೇವರೇ! ಬದುಕಿದ್ದ ಏಡಿಗಳನ್ನೆಲ್ಲ ಗುಬ್ಬಿಯೂ ನಾನೂ ಬಕೆಟ್ಟಿಗೆ ಹಾಕಿ ಹಾಕಿ ನೀರಿಗೆ ಬಿಟ್ಟೆವು. ಒಂದು ಅವಳ ಬೆರಳು ಕಚ್ಚಿತು. ನೀರಿನಡಿ ಹೆದರದವಳು ಡೆಕ್ಕಿನ ಮೇಲೆ ಕಿರುಚಿ ಕುಣಿದಾಡಿದಳು.

ಏಳನೇ ಕಂಬ ಮತ್ತೆ ತಿರುಗುತ್ತಿದೆ. ಗಾಳಿಯೂ ತಿರುಗಿತು, ಹೇಳಿದ ಹಾಗೆಯೇ. ಅಲಗುಗಳು ಮೋಡವನ್ನು ಕಡೆಯುತ್ತಿವೆ. ಸಂಜೆಯವರೆಗೂ ಇಬ್ಬರೂ ಅದನ್ನೇ ನೋಡುತ್ತ ಕಂಬಿಗೆ ಒರಗಿ ನಿಂತಿದ್ದೆವು. ಕುತ್ತಿಗೆ ನೋವು ಬಂದಿದೆ.

ಏಪ್ರಿಲ್ ೨, ಗುರುವಾರ

ಎಷ್ಟೋ ದಿನವಾಯಿತು ಬರೆದು. ಬರೆಯುವಂಥದ್ದೇನೂ ಇರಲಿಲ್ಲ.

ನಮ್ಮವರ ಫೋನು ಬಂದಿತ್ತು. "ಅಲ್ಲ, ಬಂದರಿನ ಆಫೀಸಿನ ಕೆಲಸ ಏನಾಯ್ತು? ಕಡೇ ದಿನ ಮೊನ್ನೆಗೇ ಮುಗೀತಲ್ಲೇ. ನೀನು ಜ್ಞಾಪಿಸ್ತೀಯ ಅಂತ ಕಾಯ್ತಾ ಇದ್ದೆ" ಅಂದರು. ಅಯ್ಯೋ, ಮರೆತೇ ಹೋಗಿತ್ತು ನೋಡಿ. ಈ ಗಲಾಟೆಯಲ್ಲಿ ಯಾರಿಗೆ ನೆನಪಿರುತ್ತದೆ? ಹೋದರೆ ಹೋಗಲಿ. ಆ ಕೋಣೆಗೆ ಸರಿಯಾಗಿ ಕಿಟಕಿಯೂ ಇಲ್ಲ. ಗುಬ್ಬಿಯ ಕೈಗವಸಿನ ಅಂಗೈ ಸವೆದಿದೆ, ಗಟ್ಟಿ ದಾರದಲ್ಲಿ ಒಂದು ಜೊತೆ ಹೊಲಿದು ಕಳಿಸಿ ಎಂದು ಹೇಳಿದೆ. ಅಳತೆ ಕೇಳಿದರು. ನನ್ನ ಕೈಗಿಂತ ಒಂದು ಬೆರಳು ದೊಡ್ಡದು ಅಂದೆ.

ಇವತ್ತು ಹನ್ನೊಂದನೇ ಕಂಬದ ಹತ್ತಿರ ಏಡಿ ಇನ್ನೊಂದು ಬಲೆಯನ್ನು ತೋರಿಸಿತು. ಏಳನೆಯದರಷ್ಟು ದೊಡ್ಡದಲ್ಲ, ಆದರೆ ಕೆಟ್ಟ ಸಿಕ್ಕು, ಸರಪಳಿಗೂ ಕೇಬಲ್ಲಿಗೂ ಎರಡಕ್ಕೂ ಸುತ್ತಿಕೊಂಡಿದೆ. ಕಿವಿ ಸೋರುತ್ತಿದ್ದವನು ಗುಣವಾಗಿದ್ದಾನೆ. ದಡದಿಂದ ಇನ್ನೂ ಇಬ್ಬರು ಬಂದಿದ್ದಾರೆ, ಅನುಭವಸ್ಥರು.

ಮೀಸೆ ಪರದೆ ನೋಡುತ್ತ, ಸ್ವಲ್ಪ ಹಿಂದೆ ಮುಂದೆ ನೋಡಿ ಕೇಳಿದ, "ಅಕ್ಕ, ಈಗ ಬೇಕಾದಷ್ಟು ಜನ ಇದ್ದಾರೆ. ಯಾರನ್ನ ಇಳಿಸೋಣ?"

"ಇದೇನು ಕೇಳೋ ಮಾತಾ?" ಅಂದೆ. "ಇಂಥ ಸಿಕ್ಕು ಬೇರೆ ಯಾರ ಕೈಲಿ ಬಿಚ್ಚುತ್ತೆ? ಅವಳನ್ನೇ ಇಳಿಸಿ."

ನಾನು ಏಡಿಯ ದೀಪ ಸರಿಮಾಡುತ್ತಿದ್ದೆ. ಮೀಸೆ ಹೋಗಲಿಲ್ಲ. ಅಲ್ಲೇ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. "ಏನ್ರೀ?" ಅಂದರೆ "ಏನಿಲ್ಲ ಅಕ್ಕ" ಅನ್ನುತ್ತಾನೆ. ಅವನಿಗೇನಾಗಿತ್ತೋ ಕಾಣೆ.